ಮುದುಕಿ ಇನ್ನೂ ಕಾಲು ಊರಿರಲಿಲ್ಲ

ಆ ಲೇಖಕನನ್ನು ನಾನು ಮೊದಲು ಓದಲಿಲ್ಲ, ಮೇಜಿನ ಕಾಲ ಕೆಳಗೆ ಇಟ್ಟೆ. ತಪ್ಪು ನನ್ನದಲ್ಲ, ಮೇಜಿನದು.

ನನ್ನ ಕಸುಬು ತಕ್ಕಡಿ ರಿಪೇರಿ. ಅಪ್ಪನಿಂದ ಬಂದದ್ದು. ತಕ್ಕಡಿ ರಿಪೇರಿಗೆ ಹೆಂಗಸು ಬಂದಿದ್ದಾಳೆ ಅಂದರೆ ಈಗಲೂ ಜನ ಒಂದು ಸಲ ನನ್ನ ಮುಖ ನೋಡುತ್ತಾರೆ, ಒಂದು ಸಲ ನನ್ನ ಚೀಲ ನೋಡುತ್ತಾರೆ. ನೋಡಲಿ. ಈಗ ಬಹಳಷ್ಟು ಅಂಗಡಿಗಳಿಗೆ ಕರೆಂಟಿನ ತಕ್ಕಡಿಗಳು ಬಂದಿವೆ. ಆದರೆ ತಕ್ಕಡಿ ಅಂದ ಮೇಲೆ ಕೆಡಲೇಬೇಕು, ಕೆಟ್ಟ ಮೇಲೆ ನಾನು ಬರಲೇಬೇಕು. ಮನೆ ಇಂಡಿಯಲ್ಲಿ. ತಿರುಗಾಟ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಡುವೆ ಸಿಗುವ ಹಳ್ಳಿಗಳು. ಜೊತೆಗೆ ಯಾವಾಗಲೂ ಇಪ್ಪತ್ತು ಕಿಲೊ ತೂಕದ ಕಲ್ಲುಗಳ ಒಂದು ಚೀಲ. ಕಲ್ಲು ಅನ್ನುವುದು ರೂಢಿಯ ಮಾತು, ಒಳಗಿರುವುದು ಕಬ್ಬಿಣ. ನಾನು ಬಸ್ ಹತ್ತಿದರೆ ಸಾಕು, ನಮ್ಮ ಮಾರ್ಗದ ಕಂಡಕ್ಟರ್ ಹಣೆ ಹಣೆ ಬಡಿದುಕೊಳ್ಳುತ್ತಾನೆ.

"ಅಕ್ಕಾರ, ಚೀಲದಾಗ ಹೆಣಾ ಇಟ್ಕೊಂಡ ತಿರಗಾಡ್ತೀರೇನ್ರಿ?"

"ಹೌದಪಾ, ಹಿಂದಿನ ಕಂಡಕ್ಟರಂದು," ಅನ್ನುತ್ತೇನೆ.

ವರ್ಷಕ್ಕೊಮ್ಮೆ ವ್ಯಾಪಾರಿಗಳ ತಕ್ಕಡಿಗಳಿಗೆ ಸರಕಾರದ ಮುದ್ರೆ ಬೀಳಬೇಕು. ಅದಕ್ಕೆ ಸಾಹೇಬರು ಊರೂರಿಗೆ ಬಂದು ಶಿಬಿರ ಹಾಕುತ್ತಾರೆ. ಅವರು ಬರುವ ಮೊದಲು ತಕ್ಕಡಿಗಳನ್ನು ಸರಿಮಾಡಿ ಸಾಲಾಗಿ ಇಡುವುದು ನನ್ನ ಕೆಲಸ. ಆ ಸಲ ಇಂಡಿಯ ಶಿಬಿರಕ್ಕೆ ಕೊಟ್ಟ ಮೇಜು ಕುಂಟು. ಮೇಜು ಕುಂಟಾದರೆ ಎಂಥ ಬಂಗಾರದ ತಕ್ಕಡಿಯೂ ಸುಳ್ಳು ಹೇಳುತ್ತದೆ. ಪಕ್ಕದಲ್ಲೇ ಗ್ರಂಥಾಲಯ. ಅಲ್ಲಿಯ ಮೇಡಂ ನನ್ನ ವಯಸ್ಸಿನವರೇ. ಒಂದು ರಟ್ಟಿನ ತುಂಡು ಕೊಡಿ ಅಂದೆ. ಅವರು ಮೂಲೆಯ ರಾಶಿಯಿಂದ ಒಂದು ತೆಳ್ಳನೆಯ ಪುಸ್ತಕ ಎಳೆದು ಕೈಗಿಟ್ಟರು.

"ಇದನ್ನ ಒಯ್ರಿ. ಎರಡ ವರ್ಷ ಆತು, ಯಾರೂ ಮುಟ್ಟಿಲ್ಲ. ಹ್ಯಾಂಗೂ ತಗದ ಹಾಕೂದ ಐತಿ."

ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಆ ದಿನ ಮಧ್ಯಾಹ್ನದವರೆಗೆ ಬಂದ ತಕ್ಕಡಿಗಳೆಲ್ಲ ಆ ಪುಸ್ತಕದ ಆಧಾರದ ಮೇಲೆ ನಿಂತು ಪಾಸಾದವು.

ಸಾಹೇಬರು ಊಟಕ್ಕೆ ಹೋದಾಗ ನನಗೆ ಪಾಪಪ್ರಜ್ಞೆ ಕಾಡಿತು. ಅಕ್ಷರವನ್ನು ಕಾಲಡಿಗೆ ಇಟ್ಟೆನಲ್ಲ ಎಂದು ಪುಸ್ತಕ ಎಳೆದು, ಕಣ್ಣಿಗೊತ್ತಿಕೊಂಡು, ಧೂಳು ಝಾಡಿಸಿದೆ. ಕಣ್ಣಿಗೊತ್ತಿಕೊಂಡದ್ದನ್ನು ಒಂದು ಪುಟವಾದರೂ ಓದದೆ ಇಡುವುದು ಹೇಗೆ? ತೆರೆದೆ. ಇಂಡಿಯ ಒಬ್ಬ ಲಿಂಬೆಕಾಯಿ ವ್ಯಾಪಾರಿ ಚಂದ್ರನ ಮೇಲೆ ಅಂಗಡಿ ಹಾಕಲು ಹೊರಟಿದ್ದ.

ನಾನು ಚೀಲದ ಮೇಲೆ ಕೂತೆ.

ರಾಕೆಟ್ಟು ಹಾರುವುದು ಲಿಂಬೆ ಮಾರ್ಕೆಟ್ಟಿನ ಬಯಲಿನಿಂದ. ಎಣಿಸುವವನು ಒಬ್ಬ ಹಮಾಲ. ನಮ್ಮ ಕಡೆ ಜೋಳ ಅಳೆಯುವವರು ಮೊದಲ ಅಳತೆಗೆ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಲಾಭ, ಎರಡು, ಮೂರು. ಶುರುವಾತಿಗೇ ಒಂಟಿ ಅಂಕಿ ಹೇಳಬಾರದೆಂಬ ಹಳೆಯ ಪದ್ಧತಿ. ಈ ಕತೆಯ ಹಮಾಲ ಹಿಂದಕ್ಕೆ ಎಣಿಸುತ್ತ ಬರುತ್ತಾನೆ: ಐದು, ನಾಲ್ಕು, ಮೂರು, ಎರಡು, ಲಾಭ! ರಾಕೆಟ್ಟು ಹಾರುತ್ತದೆ. ನನಗೆ ನಗು ಎಲ್ಲಿಂದ ಬಂತೋ ತಿಳಿಯದು. ಸಾಲಿನಲ್ಲಿ ನಿಂತಿದ್ದ ವ್ಯಾಪಾರಿಗಳು ತಮ್ಮ ತಕ್ಕಡಿ ನೋಡಿ ನಗುತ್ತಿದ್ದಾಳೆಂದು ತಿಳಿದು ಗಾಬರಿಯಾದರು.

ಚಂದ್ರನ ಮೇಲೆ ಇಳಿದ ವ್ಯಾಪಾರಿ ಲಿಂಬೆಚೀಲವನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕುತ್ತಾನೆ. ಮುಳ್ಳು ಆರನೇ ಒಂದು ಪಾಲು ತೋರಿಸುತ್ತದೆ. ಮೋಸವೆಂದು ಬಾಯಿ ಬಡಿದುಕೊಳ್ಳುತ್ತಾನೆ. ಆಮೇಲೆ ಒಂದು ಸಾಲು: 'ಆದರೆ ಚಂದ್ರನ ಮೇಲೆ ತಕ್ಕಡಿ ರಿಪೇರಿಯವರು ಯಾರೂ ಇರಲಿಲ್ಲ.' ಓದಿ ನನ್ನ ಮೈ ಜುಮ್ಮೆಂದಿತು. ಇಷ್ಟು ವರ್ಷ ಪುಸ್ತಕಗಳಲ್ಲಿ ರಾಜರು ಬಂದರು, ವಕೀಲರು ಬಂದರು, ಡಾಕ್ಟರು ಬಂದರು, ನನ್ನನ್ನು ಯಾರೂ ಕರೆದಿರಲಿಲ್ಲ. ಈ ಮನುಷ್ಯ ಚಂದ್ರನಿಂದ ಕರೆಯುತ್ತಿದ್ದ. ಆ ಸಾಲಿನ ಪಕ್ಕದ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ 'ಇದು ನಡೆಯುತ್ತದೆ' ಎಂದು ಬರೆದಿದ್ದರು. ಬರೀ ನಡೆಯುತ್ತದೆಯೇ? ಓಡುತ್ತದೆ ಅಂದುಕೊಂಡೆ.

ಪುಸ್ತಕ ಮೇಜಿಗೆ ವಾಪಸ್ ಹೋಗಲಿಲ್ಲ. ಮಧ್ಯಾಹ್ನದ ಮೇಲೆ ಆ ಕಾಲಿಗೆ ನನ್ನ ಒಂದು ಚಪ್ಪಲಿ ಇಟ್ಟೆ. ಗ್ರಂಥಾಲಯದ ಮೇಡಂ ಹತ್ತಿರ ಓಡಿ, ಇವರು ಯಾರು ಅಂತ ಕೇಳಿದೆ.

"ಗೊತ್ತಿಲ್ರಿ. ಅದು ಖರೇ ಹೆಸರಲ್ಲ, ಇಟ್ಕೊಂಡ ಹೆಸರು. ಕತಿ ಪುಸ್ತಕ ಇನ್ನೊಂದು ಸಿಂದಗ್ಯಾಗ ಇರಬೇಕು. ನಿಮ್ಮ ಇನ್ನೊಂದ ಚಪ್ಪಲಿ ಎಲ್ಲಿ?"

ಸಿಂದಗಿಗೆ ಹೋಗುವ ಬಸ್ಸಿನಲ್ಲಿ ನನ್ನ ಚೀಲ ಎಂದೂ ಅಷ್ಟು ಹಗುರವಿರಲಿಲ್ಲ. ಪುಸ್ತಕ ಅಲ್ಲಿತ್ತು. ಮಾರ್ಕೆಟ್ಟಿನ ಕೆಲಸ ಮುಗಿಸಿ, ಸಂಜೆಯ ಬಸ್ಸಿನವರೆಗೆ ಗ್ರಂಥಾಲಯದಲ್ಲೇ ಕೂತು ಓದಿದೆ. ತಪ್ಪಿದ ಇಂಡಿ ಬಸ್ಸನ್ನು ಹಿಡಿಯಲು ಒಬ್ಬ ಗುಮಾಸ್ತ ಕಾಲಯಂತ್ರ ಹತ್ತಿ ನಿನ್ನೆಗೆ ಹೋಗುತ್ತಾನೆ, ನಿನ್ನೆಯ ಬಸ್ಸೂ ತಪ್ಪುತ್ತದೆ, ಮೊನ್ನೆಗೆ ಹೋಗುತ್ತಾನೆ. ಹೀಗೆ ಹಿಂದೆ ಹಿಂದೆ ಹೋಗುತ್ತ ಬಸ್ಸುಗಳೇ ಇಲ್ಲದ ಕಾಲಕ್ಕೆ ಇಳಿದು, 'ಸದ್ಯ, ಇಲ್ಲಿ ತಪ್ಪುವುದಿಲ್ಲ' ಎಂದು ನಡೆದುಕೊಂಡೇ ಇಂಡಿಗೆ ಬರುತ್ತಾನೆ. ಓದಿ ನಕ್ಕೂ ನಕ್ಕೂ ನನ್ನ ಬಸ್ಸೂ ತಪ್ಪಿತು. ಟೆಂಪೊ ಹಿಡಿದು ಮನೆ ಸೇರಿದೆ.

ಆದರೆ ಆ ಪುಸ್ತಕದ ಅಂಚುಗಳಲ್ಲಿ ಇಂಡಿಯಲ್ಲಿ ಕಂಡ ಅದೇ ಪೆನ್ಸಿಲ್ ಅಕ್ಷರ ಹಬ್ಬಿಕೊಂಡಿತ್ತು. 'ಉಬ್ಬಿಸಿ ಬರೆದದ್ದು.' 'ಯಂತ್ರಕ್ಕೆ ಎಣ್ಣೆ ಯಾರು ಹಾಕಿದರು? ಮರೆತಿದ್ದಾನೆ.' 'ಇವನಿಗೆ ಕತೆ ಮುಗಿಸಲು ಬರುವುದಿಲ್ಲ.' ಟಿಪ್ಪಣಿಗಳಿಗೆ ನಂಬರು ಬೇರೆ ಹಾಕಿದ್ದ: ಲಾಭ, ೨, ೩. ನನ್ನ ಲೇಖಕನ ಮಾತನ್ನೇ ಕದ್ದು ನನ್ನ ಲೇಖಕನನ್ನೇ ಬೈಯುವ ಧೈರ್ಯ! ಕೊನೆಯ ಪುಟಕ್ಕೆ ಅಂಟಿಸಿದ ತಾರೀಖಿನ ಚೀಟಿಯಲ್ಲಿ ಉದ್ದಕ್ಕೂ ಒಂದೇ ಸದಸ್ಯನ ನಂಬರು. ಅಂದರೆ ಈ ಮಹಾಶಯ ಬೈಯಲಿಕ್ಕೆಂದೇ ಮತ್ತೆ ಮತ್ತೆ ಒಯ್ಯುತ್ತಿದ್ದಾನೆ. ನನಗೆ ಮೈ ಉರಿಯಿತು. ಚೀಲದಲ್ಲಿ ಗುರುತು ಹಾಕುವ ಪೆನ್ಸಿಲ್ ಇದ್ದೇ ಇರುತ್ತದೆ. 'ಕತೆ ಮುಗಿಸಲು ಬರುವುದಿಲ್ಲ' ಎಂಬುದರ ಕೆಳಗೆ 'ನಿಮಗೆ ಓದಲು ಬರುವುದಿಲ್ಲ' ಎಂದು ಬರೆದೆ. ಗ್ರಂಥಾಲಯದ ಪುಸ್ತಕದಲ್ಲಿ ಗೀಚುವುದು ತಪ್ಪು ಅಂತ ನನಗೂ ಗೊತ್ತು. ಸಿಟ್ಟು ಬಂದಾಗ ಗೊತ್ತಿರುವುದೆಲ್ಲ ನೆನಪಿಗೆ ಬರುತ್ತದೆಯೇ?

ಕತೆಗಳಾದ ಮೇಲೆ ಕಾದಂಬರಿಗಳು. ಮೊದಲನೆಯದು ಮುದ್ದೇಬಿಹಾಳದಲ್ಲಿ ಸಿಕ್ಕಿತು. ಹೊಳೆಯ ಹಿನ್ನೀರಿನಲ್ಲಿ ಒಂದು ಊರು ಮುಳುಗಬೇಕಾಗಿದೆ. ಊರಿನವರಿಗೆ ಬೇರೆ ಜಾಗ ಕೊಡಬೇಕು, ನೆಲದ ಮೇಲೆ ಜಾಗವಿಲ್ಲ, ಆದ್ದರಿಂದ ಆಕಾಶದಲ್ಲಿ ಒಂದು ಗ್ರಹ ಮಂಜೂರಾಗುತ್ತದೆ. ಹಕ್ಕುಪತ್ರ ಸಿಗುತ್ತದೆ, ಪ್ಲಾಟ್ ನಂಬರು ಸಿಗುತ್ತದೆ, ಯಾವ ಓಣಿ ಯಾವ ದಿಕ್ಕಿಗೆ ಅಂತ ಹಾರುವ ಮೊದಲೇ ಜಗಳ. ಸಾಮಾನು ತೂಗಿ ನೌಕೆಗೆ ಹತ್ತಿಸುವ ಗುಮಾಸ್ತನ ಮುಂದೆ ಒಬ್ಬ ಮುದುಕಿ ತನ್ನ ಬೀಸುಕಲ್ಲು ತಂದು ಇಡುತ್ತಾಳೆ. ಅಲ್ಲಿ ಹಿಟ್ಟಿನ ಗಿರಣಿ ಇದೆ, ಇದು ಬೇಡ ಅನ್ನುತ್ತಾನೆ ಅವನು. ಮುದುಕಿ, 'ಕಲ್ಲ ಬಿಟ್ಟ ನಾ ಬರಂಗಿಲ್ಲ, ನನ್ನ ಬಿಟ್ಟ ಕಲ್ಲ ಬರಂಗಿಲ್ಲ' ಅನ್ನುತ್ತಾಳೆ. ಸೋತ ಗುಮಾಸ್ತ ತೂಗಿ, ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ೧೯ ಕಿಲೊ ಎಂದು ಬರೆದು ಒಳಗೆ ಬಿಡುತ್ತಾನೆ.

ಈ ಕತೆಯನ್ನು ನಾನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ನಮ್ಮ ಅತ್ತೆಗೆ ಎಂಬತ್ತರ ಹತ್ತಿರ ವಯಸ್ಸು, ಓದಲು ಬರುವುದಿಲ್ಲ, ಮೊಣಕಾಲು ನೋವು. ಮುಂಜಾನೆ ಅವರು ರೊಟ್ಟಿ ಬಡಿಯುತ್ತಾರೆ, ನಾನು ಬೇಯಿಸುತ್ತೇನೆ. ಬೀಸುಕಲ್ಲಿನ ಮಾತು ಬಂದದ್ದೇ ತಡ, ಅವರ ಕೈ ನಿಂತಿತು.

"ಅಕಿ ಛಲೋ ಮಾಡಿದ್ಲು. ಮುಂದ?"

"ಮುಂದ ಹೋಗ್ತಾರ್ರಿ. ಹೊಸಾ ನೆಲದಾಗ ಎಲ್ಲಾದ್ರ ತೂಕ ಅರ್ಧ ಆಗತೈತಂತ."

"ಮನಷ್ಯಾರ್ದೂ?"

"ಹೌದ್ರಿ."

"ಹಂಗಾರ ನನ್ನ ಮೊಣಕಾಲಿಗೆ ಆ ಊರ ಬರೊಬ್ಬರಿ ಐತಿ," ಅಂದರು. ಅಂದಿನಿಂದ ಮುಂದಿನ ಕತೆ ಹೇಳದೆ ರೊಟ್ಟಿ ತಟ್ಟೆಗೆ ಬೀಳುತ್ತಿರಲಿಲ್ಲ. ಮನೆಯವರು ಮಾತ್ರ, "ಅತ್ತಿ-ಸೊಸಿ ಇಬ್ಬರಿಗೂ ಒಮ್ಮೆಲೆ ಹುಚ್ಚ ಹಿಡದೈತಿ, ರೊಟ್ಟಿ ಎಲ್ಲಾ ಕರಕ," ಎಂದು ಗೊಣಗಿಕೊಂಡು ಲಿಂಬೆ ತೋಟಕ್ಕೆ ಹೋಗುತ್ತಿದ್ದರು.

ಎರಡನೆಯ ಕಾದಂಬರಿ ಬಸವನ ಬಾಗೇವಾಡಿಯಲ್ಲಿತ್ತು. ನೌಕೆಯೊಳಗೆ ತೂಕವೇ ಇಲ್ಲ, ಬೀಸುಕಲ್ಲು ತೇಲಾಡುತ್ತದೆ, ಮುದುಕಿ ಅದನ್ನು ಕರುವಿನ ಹಾಗೆ ಹಗ್ಗದಿಂದ ಕಟ್ಟಿಕೊಂಡಿದ್ದಾಳೆ. ನಡುದಾರಿಯಲ್ಲಿ ಭಾರ ಹೆಚ್ಚಾಯಿತೆಂದು ಊರ ಗೌಡ ತಕ್ಕಡಿ ಮತ್ತು ತೂಕದ ಕಲ್ಲುಗಳನ್ನು ಹೊರಗೆ ಎಸೆಯುತ್ತಾನೆ. ಒಂದು ಹಗುರ ಸ್ಪ್ರಿಂಗ್ ತಕ್ಕಡಿ ಮಾತ್ರ ಉಳಿಯುತ್ತದೆ. ನನ್ನ ಚೀಲವನ್ನೇ ಎಸೆದ ಹಾಗಾಯಿತು, ಆದರೂ ಓದಿದೆ. ಕೊನೆಗೆ ಹೊಸ ನೆಲ ಬರುತ್ತದೆ. ಬಾಗಿಲು ತೆರೆಯುತ್ತದೆ. ಹಿರಿಯಳು ಮೊದಲು ಇಳಿಯಲಿ ಅನ್ನುತ್ತಾರೆ. ಮುದುಕಿ ಒಂದು ಕಾಲು ಎತ್ತಿ ಹೊರಗೆ ಚಾಚುತ್ತಾಳೆ.

ಮುಗಿಯಿತು. ಕೆಳಗೆ 'ಮೂರನೆಯ ಭಾಗದಲ್ಲಿ ಮುಕ್ತಾಯ' ಎಂದು ಅಚ್ಚಾಗಿತ್ತು. ಮೂರನೆಯ ಭಾಗ ನಾಲ್ಕು ಊರುಗಳ ಯಾವ ಗ್ರಂಥಾಲಯದಲ್ಲೂ ಇರಲಿಲ್ಲ, ಯಾವ ಪಟ್ಟಿಯಲ್ಲೂ ಇರಲಿಲ್ಲ. ಇದ್ದದ್ದು ಪೆನ್ಸಿಲಿನವನ ಷರಾ ಮಾತ್ರ: 'ಮೂರನೆಯದು ಬರುವುದಿಲ್ಲ. ಕತೆ ಇಲ್ಲಿಗೇ ಕೆಟ್ಟಿತು. ಹೊಸ ನೆಲದಲ್ಲಿ ತೂಕ ಅರ್ಧ, ಊರಿನವರಿಗೆ ಇದು ತಿಳಿಯದು. ಸ್ಪ್ರಿಂಗ್ ತಕ್ಕಡಿ ನೋಡಿ ಮನೆಗೆ ಹತ್ತು ಕಿಲೊ ಬೀಜ ಹಂಚಿದರೆ ಇಪ್ಪತ್ತು ಕಿಲೊ ಹೋಗುತ್ತದೆ. ಅರ್ಧ ಊರಿಗೆ ಬೀಜವಿಲ್ಲ. ಬಡಿದಾಡಿ ಸಾಯುತ್ತಾರೆ. ಸರಿಯಾದ ತೂಕ ಅವರ ಹತ್ತಿರ ಒಂದೂ ಇಲ್ಲ. ಬರೆದವನು ದಡ್ಡ.'

ಸಿಟ್ಟಿನಲ್ಲೂ ಒಪ್ಪಬೇಕಾಯಿತು, ಅವನ ಲೆಕ್ಕ ಸರಿ ಇತ್ತು. ಸ್ಪ್ರಿಂಗು ನೆಲ ಎಷ್ಟು ಎಳೆಯುತ್ತದೋ ಅಷ್ಟನ್ನೇ ತೋರಿಸುತ್ತದೆ, ನೆಲ ಬದಲಾದರೆ ಮುಳ್ಳೂ ಬದಲು. ಅದು ನನ್ನ ಕಸುಬಿನ ಮೊದಲ ಪಾಠ. ನನ್ನ ಲೇಖಕ ನನ್ನದೇ ಕಸುಬಿನಲ್ಲಿ ಸಿಕ್ಕಿಬಿದ್ದಿದ್ದ, ಮುದುಕಿ ಒಂದು ಕಾಲು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಮನೆಯಲ್ಲಿ ಕಾಟ ಶುರುವಾಯಿತು. ಅತ್ತೆ ಎದ್ದ ಕೂಡಲೇ, "ಏನವಾ, ಮುದುಕಿ ಕಾಲ ಊರಿದ್ಲೇನು?"

"ಇನ್ನೂ ಇಲ್ರಿ ಅತ್ತಿ."

"ಎಷ್ಟ ಹೊತ್ತ ನಿಲ್ಲಸ್ತಾನ ಅಂವಾ? ಅಂವಗ ಅವ್ವ ಇಲ್ಲೇನು?"

ಹೀಗೆ ಎರಡು ತಿಂಗಳು. ಒಂದು ದಿನ ಗೊಳಸಂಗಿಯ ಒಂದು ಕಿರಾಣಿ ಅಂಗಡಿಗೆ ಹೋಗಿದ್ದೆ. ಅಂಗಡಿಯವನ ಹಳೆಯ ತಕ್ಕಡಿಯ ಎರಡು ಕಿಲೊದ ತೂಕ ಕಳೆದುಹೋಗಿತ್ತು. ಆ ಪುಣ್ಯಾತ್ಮ ಹೊಲದಿಂದ ಒಂದು ಕಲ್ಲು ತಂದು, ಎರಡು ಕಿಲೊಗೆ ಸರಿಯಾಗಿ ಕೆತ್ತಿ, ಅದನ್ನೇ ತಟ್ಟೆಗೆ ಇಡುತ್ತಿದ್ದ. ನಾನು ಸೆರಗು ಕಟ್ಟಿಕೊಂಡು ಜಗಳಕ್ಕೆ ನಿಂತೆ. ಇದು ಕಾನೂನಿಗೆ ವಿರುದ್ಧ, ಹೊಲದ ಕಲ್ಲು ಇಟ್ಟು ತೂಗುತ್ತೀಯಲ್ಲ, ಸಾಹೇಬರಿಗೆ ತಿಳಿದರೆ ಏನಾಗುತ್ತದೆ ಗೊತ್ತೇ ಎಂದು ಬೈಯುತ್ತಲೇ ನನ್ನ ಬಾಯಿ ನಿಂತಿತು.

"ಅಕ್ಕಾರ?" ಅಂದ ಅವನು ಹೆದರಿ.

"ಕಲ್ಲ!" ಅಂದೆ.

"ತಗದ ಒಗೀತೇನ್ರಿ."

"ಒಗೀಬ್ಯಾಡಪಾ! ಅಕಿ ಹಂತೇಲಿ ಕಲ್ಲ ಐತಿ! ಹತ್ತೊಂಬತ್ತ ಕಿಲೊ!"

ಅವನ ತಕ್ಕಡಿಯನ್ನು ಅರ್ಧಕ್ಕೆ ಬಿಟ್ಟು ರಸ್ತೆಗೆ ಓಡಿ, ಸಿಕ್ಕ ಬಸ್ಸು ಹತ್ತಿ ಬಾಗೇವಾಡಿಗೆ ಹೋದೆ. ಇಪ್ಪತ್ತು ಕಿಲೊ ಹೊತ್ತುಕೊಂಡು ಗ್ರಂಥಾಲಯದ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ ಅಂದರೆ ಈಗ ನನಗೇ ನಂಬಿಕೆ ಬರುವುದಿಲ್ಲ. ಪುಸ್ತಕದ ಹಿಂದಿನ ಖಾಲಿ ಪುಟದಲ್ಲಿ ಬರೆದೆ: 'ದಡ್ಡರು ಯಾರು ನೋಡಿ. ಮೊದಲ ಕಾದಂಬರಿಯಲ್ಲಿ ಗುಮಾಸ್ತ ಮುದುಕಿಯ ಬೀಸುಕಲ್ಲನ್ನು ಭೂಮಿಯ ಮೇಲೆ ತೂಗಿ ೧೯ ಕಿಲೊ ಎಂದು ಬರೆದಿದ್ದಾನೆ. ಒಂದು ಕೋಲು, ಎರಡು ಬುಟ್ಟಿ, ಹಗ್ಗ ಸಾಕು, ತಕ್ಕಡಿ ಆಯಿತು. ಒಂದು ಬುಟ್ಟಿಗೆ ಬೀಸುಕಲ್ಲು, ಇನ್ನೊಂದಕ್ಕೆ ಬೀಜ. ಎರಡೂ ಬುಟ್ಟಿ ಅರ್ಧ ಹಗುರಾದರೂ ಕೋಲು ಸಮ ನಿಲ್ಲುತ್ತದೆ. ತೂಗಿದ ಬೀಜವನ್ನು ಎರಡು ಬುಟ್ಟಿಗೂ ಸಮ ಹಾಕಿದರೆ ಮನೆಗೆ ಹತ್ತೊಂಬತ್ತು ಕಿಲೊದ ಅರ್ಧ. ಒಬ್ಬರಿಗೂ ಕಡಿಮೆ ಬೀಳುವುದಿಲ್ಲ. ಲೇಖಕರು ಎಲ್ಲ ತಿಳಿದೇ ಕಲ್ಲನ್ನು ಹೊರಿಸಿದ್ದಾರೆ. ನೀವು ಬಾಯಿ ಮುಚ್ಚಿಕೊಳ್ಳಿ.'

ಮುಂದಿನ ತಿಂಗಳು ಹೋಗಿ ನೋಡಿದರೆ ಕೆಳಗೆ ಎರಡೇ ಮಾತು: 'ನೀವು ಯಾರು?'

ಬೈದವನ ಎದುರು ನಿಂತು ಉತ್ತರ ಹೇಳುವುದೇ ಸರಿ ಅನ್ನಿಸಿತು. ಗ್ರಂಥಾಲಯದವರನ್ನು ಕೇಳಿದೆ. ಅವರು, "ನಿಡಗುಂದಿ ಕಡೇವ್ರು ಒಬ್ಬರು ಮಾಸ್ತರ್ರಿ, ರಿಟೈರ್ ಆಗ್ಯಾರ. ತಿಂಗಳ ಮೊದಲನೇ ಗುರುವಾರ ತಪ್ಪಂಗಿಲ್ಲ," ಅಂದರು. ಆ ಗುರುವಾರ ನಾನೂ ತಪ್ಪಲಿಲ್ಲ.

ಕಿಟಕಿಯ ಪಕ್ಕ ಬಿಳಿ ಅಂಗಿಯ, ತೆಳ್ಳನೆಯ ಮುದುಕರೊಬ್ಬರು ಕೂತಿದ್ದರು. ಮುಂದೆ ಅದೇ ಪುಸ್ತಕ, ಕೈಯಲ್ಲಿ ಪೆನ್ಸಿಲ್. ನಾನು ಚೀಲವನ್ನು ಅವರ ಮೇಜಿನ ಪಕ್ಕ ದಢ್ ಎಂದು ಇಟ್ಟೆ.

"ಏನ್ರಿ ಮಾಸ್ತರ, ಮಂದಿ ಪುಸ್ತಕದಾಗ ಗೀಚೂದ ಒಂದ ಕೆಲಸಾನ್ರಿ ನಿಮಗ?"

ಅವರು ತಲೆ ಎತ್ತಿದರು. "ತಪ್ಪ ಇದ್ದಲ್ಲಿ ತಪ್ಪ ಅಂದೇನ್ರಿ."

"ತಪ್ಪ ಹುಡಕೂದು ದೊಡ್ಡ ಮಾತಲ್ಲ. ಬರದ ತೋರಸ್ರಿ ನೋಡೂನು! ಆ ಮನಷ್ಯಾ ಇಡೀ ಒಂದ ಊರ ಎತ್ತಿ ಮ್ಯಾಲ ಕಳಿಸ್ಯಾನ. ನಿಮ್ಮಿಂದ ಒಂದ ಕೋಳಿ ಕಳಸಾಕ ಆಗತೈತೇನು?"

"ಅಂವಾ ಅಷ್ಟ ಛಲೋ ಬರೀತಾನೇನ್ರಿ?"

"ಛಲೋ? ನಮ್ಮ ಅತ್ತಿ ಮುಂಜಾನೆ ಎದ್ದ ಕೂಡ್ಲೆ ಚಾ ಕೇಳಂಗಿಲ್ಲ. ಮುದುಕಿ ಕಾಲ ಊರಿದ್ಲೇನು ಅಂತ ಕೇಳ್ತಾರ. ದಿನಾ! ನಿಮ್ಮನ್ನ ಯಾರರ ಹಂಗ ಕೇಳ್ಯಾರೇನು?"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು.

"ಇಲ್ಲ ತಂಗಿ," ಅಂದರು. "ಇವತ್ತಿನ ತನಕ ಯಾರೂ ಕೇಳಿರಲಿಲ್ಲ."

ನಾನು ಇನ್ನೂ ಬೈಯಬೇಕೆಂದು ಉಸಿರು ಎಳೆದುಕೊಂಡಿದ್ದೆ. ಅವರು ಪುಸ್ತಕದ ಹಿಂದಿನ ಪುಟ ತಿರುಗಿಸಿ ನನ್ನ ಅಕ್ಷರದ ಮೇಲೆ ಬೆರಳಿಟ್ಟರು. "ಬೀಸುಕಲ್ಲಿನ ಮಾತ ಬರದಾವ್ರು ನೀವಾ? ಅದರ ಮ್ಯಾಲ ಹತ್ತೊಂಬತ್ತ ಅಂತ ನಾ ಬರದದ್ದು ನನಗ ಮರತ ಹೋಗಿತ್ತು."

"ನೀವೇನ ಬರದೀರಿ? ಅದನ್ನ ಬರದಾವ್ರು..." ಅಂದೆ. ಅಂದು ನಿಂತೆ. ಗ್ರಂಥಾಲಯದವರಿಗೆ ನನಗಿಂತ ಮೊದಲೇ ತಿಳಿದು, ಅವರು ರಿಜಿಸ್ಟರ್ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದರು. ನಾನು ಚೀಲದ ಮೇಲೆ ಕುಸಿದು ಕೂತೆ. ಭೂಮಿ ಬಾಯಿ ತೆರೆಯಲಿ ಅಂತ ಬೇಡಿದೆ. ಭೂಮಿಗೆ ನನ್ನ ತಕ್ಕಡಿ ಕಲ್ಲುಗಳ ಭಯವಿರಬೇಕು, ತೆರೆಯಲಿಲ್ಲ.

ಎದುರಿನ ಅಂಗಡಿಯಲ್ಲಿ ಚಹಾ ಕುಡಿದೆವು. ಅವರು ವಿಜ್ಞಾನದ ಮಾಸ್ತರರಾಗಿದ್ದವರು. ಹಿನ್ನೀರಿನಲ್ಲಿ ಮುಳುಗಿದ ಊರಿನವರು. ಯಾರೂ ಒಯ್ಯದ ಪುಸ್ತಕಗಳನ್ನು ಗ್ರಂಥಾಲಯದಿಂದ ತೆಗೆದುಹಾಕುತ್ತಾರೆಂದು ತಿಳಿದು, ನಾಲ್ಕೂ ಊರುಗಳಲ್ಲಿ ಸದಸ್ಯರಾಗಿ, ತಮ್ಮ ಪುಸ್ತಕಗಳನ್ನು ತಾವೇ ಒಯ್ದು ತಾವೇ ತಂದು ಕೊಡುತ್ತಿದ್ದರು. ಒಯ್ದ ಮೇಲೆ ಓದಬೇಕಲ್ಲ, ಓದಿದರೆ ತಪ್ಪು ಕಾಣುತ್ತದೆ, ತಪ್ಪು ಕಂಡರೆ ಮಾಸ್ತರರ ಕೈ ಸುಮ್ಮನಿರುವುದಿಲ್ಲ. ಮೊಣಕಾಲಿನ ಆಪರೇಶನ್ ಆಗಿ ಎರಡು ವರ್ಷ ದೂರದ ಇಂಡಿಗೆ ಮಾತ್ರ ಬರಲಾಗಿರಲಿಲ್ಲ.

"ಅದಕ್ಕ ನಿಮ್ಮನ್ನ ಮೇಜಿನ ಕಾಲಿಗೆ ಇಟ್ಟಿದ್ದೆ ನಾನು," ಎಂದು ಒಪ್ಪಿಕೊಂಡುಬಿಟ್ಟೆ. ಅಂಥ ದಿನ ಯಾವುದನ್ನೂ ಮುಚ್ಚಿಡಲು ಆಗುವುದಿಲ್ಲ.

"ಮೇಜು ಸಮ ಆತೋ ಇಲ್ಲೋ?"

"ಆತ್ರಿ."

"ಮತ್ತಿನ್ನೇನು," ಎಂದು ನಕ್ಕರು. ಹಲ್ಲುಗಳು ಅರ್ಧ ಇರಲಿಲ್ಲ, ನಗು ಪೂರ್ತಿ ಇತ್ತು.

ಮೂರನೆಯ ಭಾಗದ ಮಾತು ಎತ್ತಿದೆ. ಅವರ ನಗು ಕಡಿಮೆಯಾಯಿತು. ಒಂಬತ್ತು ವರ್ಷದಿಂದ ಪೆನ್ನು ಹಿಡಿದಿಲ್ಲ ಅಂದರು. ತೂಕದ ತಪ್ಪು ಅಚ್ಚಾದ ಮೇಲೆ ಕಣ್ಣಿಗೆ ಬಿತ್ತು, ವಿಜ್ಞಾನದ ಮಾಸ್ತರನಾಗಿ ಹೀಗೆ ಎಡವಿದೆನಲ್ಲ ಎಂದು ನಾಚಿಕೆಯಾಯಿತು, ಬಿಡಿಸುವ ದಾರಿ ಕಾಣಲಿಲ್ಲ, ಕೇಳುವವರೂ ಇರಲಿಲ್ಲ. "ಬರೀತೇನಿ ಅಂತ ಮಾತ ಕೊಡಂಗಿಲ್ಲ ತಂಗಿ, ವಯಸ್ಸಾತು," ಅಂದರು. ನಾನು ನನ್ನ ಫೋನ್ ನಂಬರು ಬರೆದುಕೊಟ್ಟೆ. ಕೆಳಗೆ, ಅತ್ತೆಯ ಕಡೆಯಿಂದ, 'ಅಂವಗ ಅವ್ವ ಇಲ್ಲೇನು' ಎಂಬ ಪ್ರಶ್ನೆಯನ್ನೂ ಬರೆದೆ.

ಆಮೇಲೆ ಬಹಳ ತಿಂಗಳು ಏನೂ ಇಲ್ಲ. ಅತ್ತೆಗೆ ಚಳಿಗಾಲದಲ್ಲಿ ಮೊಣಕಾಲು ಬಹಳ ಬಾತಿತು. ರೊಟ್ಟಿ ಬಡಿಯುವುದನ್ನು ಬಿಟ್ಟು ಒಲೆಯ ಪಕ್ಕ ಮಣೆ ಹಾಕಿ ಕೂರತೊಡಗಿದರು. ಪ್ರಶ್ನೆ ಮಾತ್ರ ಬಿಡಲಿಲ್ಲ. "ನಾನರ ಕುಂತೇನಿ. ಅಕಿ ಪಾಪ ನಿಂತಾಳ," ಅನ್ನುತ್ತಿದ್ದರು. ನನಗೆ ಒಳಗೊಳಗೇ ಭಯವಾಗುತ್ತಿತ್ತು. ಇವರಿಗೆ ಆ ಕಾಲು ಊರಿದ್ದು ಕೇಳಿಸದೆ ಹೋದರೆ ನಾನು ಮಾಸ್ತರರನ್ನು ಕ್ಷಮಿಸುತ್ತಿರಲಿಲ್ಲ.

ಯುಗಾದಿಯ ಹಿಂದುಮುಂದು, ಇಂಡಿ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕಂಡಕ್ಟರ್ ಕಿಟಕಿಯಿಂದ ಕೂಗಿದ. "ಅಕ್ಕಾರ, ನಿಡಗುಂದಿ ಮಾಸ್ತರ ಪಾರ್ಸಲ್ ಕಳಸ್ಯಾರ. ಪುಣ್ಯಾ, ಹಗರ ಐತಿ!" ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ದಪ್ಪ ನೋಟ್‌ಬುಕ್ಕು. ಕೈಬರಹ. ಮೊದಲ ಪುಟದ ಮೂಲೆಯಲ್ಲಿ ಪುಟದ ಸಂಖ್ಯೆ: ಲಾಭ. ಪ್ರತಿ ಪುಟದ ಎಡಕ್ಕೆ ನಾಲ್ಕು ಬೆರಳು ಅಂಚು ಖಾಲಿ ಬಿಟ್ಟಿದ್ದರು. ನೋಟ್‌ಬುಕ್ಕಿನ ಬೆನ್ನಿಗೆ ದಾರ ಕಟ್ಟಿ, ದಾರದ ತುದಿಗೆ ಚೂಪು ಮಾಡಿದ ಒಂದು ಪೆನ್ಸಿಲ್. ಒಳಗೆ ಚೀಟಿ: 'ಅಚ್ಚಿಗೆ ಕೊಡುವ ಮೊದಲು ನೀವು ಗೀಚಬೇಕು.' ನಾನು ಬಸ್ ಸ್ಟ್ಯಾಂಡಿನಲ್ಲೇ ಅತ್ತುಬಿಟ್ಟೆ. ನಗುತ್ತಲೂ ಇದ್ದೆ. ಕಂಡಕ್ಟರ್ ತಾನೇ ಇಳಿದು ಬಂದು ನನ್ನ ಚೀಲವನ್ನು ಆಟೊಕ್ಕೆ ಎತ್ತಿಟ್ಟ.

ಮರುದಿನ ಮುಂಜಾನೆ ರೊಟ್ಟಿ ಆಮೇಲೆ ಅಂದೆ. ಅತ್ತೆ ಮಣೆಯ ಮೇಲೆ ಕೂತರು, ಮನೆಯವರೂ ತೋಟಕ್ಕೆ ಹೋಗದೆ ಬಾಗಿಲಿಗೆ ಒರಗಿ ನಿಂತರು. ನಾನು ಓದಿದೆ: 'ಮುದುಕಿ ಮುಂದೆ ಚಾಚಿದ್ದ ಎಡಗಾಲನ್ನು ಹೊಸ ನೆಲದ ಮೇಲೆ...'

"ನಿಲ್ಲು," ಅಂದರು ಅತ್ತೆ.

"ಯಾಕ್ರಿ?"

"ಎಡಗಾಲ? ಹೊಸ ಜಾಗಾಕ್ಕ ಯಾರರ ಎಡಗಾಲ ಇಟ್ಟ ಹೋಗ್ತಾರೇನು? ತವರ ಬಿಟ್ಟ ಬಂದಾಗ ನಾ ಬಲಗಾಲ ಇಟ್ಟ ಬಂದೇನಿ. ನೀ ಬಲಗಾಲ ಇಟ್ಟ ಬಂದಿ. ಇಡೀ ಊರ ಹೊತ್ಕೊಂಡ ಹೊಂಟಾಕಿ ಎಡಗಾಲ ಇಡ್ತಾಳ?" ಮಣೆಯ ಮೇಲೆ ಮೊಣಕಾಲು ಸರಿಮಾಡಿಕೊಂಡರು. ಆಮೇಲೆ ಮುಖ ಅರಳಿತು. "ತಿಳೀತ ನನಗ. ಅದಕ್ಕ ನಿಂತಿದ್ಲು ನೋಡು ಮುದುಕಿ ಇಷ್ಟ ವರ್ಷ. ಗಡಿಬಿಡ್ಯಾಗ ಎಡಗಾಲ ಎತ್ತ್ಯಾಳ, ತಿರಗಿ ಒಳಗ ತಗೊಂಡ ಬಲಗಾಲ ಇಡೂನು ಅಂದ್ರ ಅಂವಾ ಬರೀಲಿಲ್ಲ."

ನಾನು ಪೆನ್ಸಿಲ್ ಹಿಡಿದು, ಅತ್ತೆಯ ಮಾತನ್ನು ಒಂದಕ್ಷರ ಬಿಡದೆ ಆ ನಾಲ್ಕು ಬೆರಳಿನ ಅಂಚಿನಲ್ಲಿ ಬರೆದೆ. ಪಕ್ಕದಲ್ಲಿ ಲಾಭ ಎಂದು ನಂಬರು ಹಾಕಿದೆ. ತಡೆಯಲಾಗದೆ ಮಾಸ್ತರರಿಗೆ ಫೋನ್ ಮಾಡಿ ಓದಿ ಹೇಳಿದೆ. ಅವರು, "ಅವ್ವಾರ ಕೈಯಾಗ ಫೋನ್ ಕೊಡು ತಂಗಿ," ಅಂದರು.

ಅತ್ತೆ ಫೋನನ್ನು ಎರಡೂ ಕೈಯಿಂದ ಹಿಡಿದು ಕಿವಿಗೆ ಒತ್ತಿಕೊಂಡರು. ಮಾಸ್ತರರು ಏನು ಕೇಳಿದರೋ ನನಗೆ ಕೇಳಿಸಲಿಲ್ಲ.

"ಹೌದು ತಮ್ಮಾ, ಬಲಗಾಲ," ಅಂದರು ಅತ್ತೆ. "ಆದ್ರ ಲಗೂನ ಇಡಸಪಾ. ಅಕಿ ಕಾಲ ನೋಯಾಕತ್ತಿರ್ತಾವ."